ಅಲಂಗ್‌ನಲ್ಲಿ ಒಡೆದ ಹಡಗು, ಅಲಾಸ್ಕಾದಲ್ಲಿ ಉಳಿದ ಎಣ್ಣೆ

ಗುಜರಾತಿನ ಅಲಂಗ್ ಕಡಲತೀರಕ್ಕೆ 2012ರಲ್ಲಿ 'ಓರಿಯೆಂಟಲ್ ನೈಸಿಟಿ' ಎಂಬ ಹಳೆಯ ಹಡಗೊಂದು ಗುಜರಿಗೆಂದು ಬಂದಿತ್ತು. ಪರಿಸರವಾದಿಗಳ ಆಕ್ಷೇಪ ಸುಪ್ರೀಂ ಕೋರ್ಟಿನ ತನಕ ಹೋಗಿ, ಜುಲೈ ತಿಂಗಳಲ್ಲಿ ಅದನ್ನು ಒಡೆಯಲು ಅನುಮತಿ ದೊರೆಯಿತು. ಹಲವು ಬಾರಿ ಹೆಸರು ಬದಲಿಸಿಕೊಂಡಿದ್ದ ಆ ಹಡಗಿನ ಹುಟ್ಟುಹೆಸರು 'ಎಕ್ಸಾನ್ ವಾಲ್ಡೀಜ್'. ಜಗತ್ತಿನ ತೈಲ ದುರಂತಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಅದು.

1989ರ ಮಾರ್ಚ್ 23ರ ರಾತ್ರಿ ಅಲಾಸ್ಕಾದ ವಾಲ್ಡೀಜ್ ಬಂದರಿನಿಂದ ಕಚ್ಚಾ ತೈಲ ತುಂಬಿಕೊಂಡು ಹೊರಟ ಈ ಟ್ಯಾಂಕರ್, ನೀರ್ಗಲ್ಲುಗಳನ್ನು ತಪ್ಪಿಸಲು ನಿಗದಿತ ಮಾರ್ಗ ಬಿಟ್ಟು ಪಕ್ಕಕ್ಕೆ ಸರಿಯಿತು. ಕಪ್ತಾನ ಜೋಸೆಫ್ ಹೇಜಲ್‌ವುಡ್ ಕಿರಿಯ ಅಧಿಕಾರಿಗೆ ಹಡಗು ಒಪ್ಪಿಸಿ ತನ್ನ ಕೋಣೆಗೆ ಹೋದರು. ಮರಳಿ ಮಾರ್ಗಕ್ಕೆ ತಿರುಗಬೇಕಾದ ಹೊತ್ತು ಮೀರಿಹೋಯಿತು. ಮಧ್ಯರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ಹಡಗು ಬ್ಲೈ ರೀಫ್ ಎಂಬ ಬಂಡೆಸಾಲನ್ನು ಏರಿತು. ತೈಲದ 11 ಟ್ಯಾಂಕುಗಳಲ್ಲಿ 8 ಸೀಳಿಹೋದವು. ಕಡಲಿಗೆ ಹರಿದ ತೈಲ ಸುಮಾರು 4 ಕೋಟಿ ಲೀಟರ್.

ಕಪ್ತಾನ ಕುಡಿದಿದ್ದ ಎಂಬ ಒಂದೇ ಮಾತು ಊರೆಲ್ಲ ಹಬ್ಬಿತು. ಆ ಆರೋಪದಿಂದ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿ, ನಿರ್ಲಕ್ಷ್ಯದಿಂದ ತೈಲ ಚೆಲ್ಲಿದ ಅಪರಾಧಕ್ಕಷ್ಟೇ ಶಿಕ್ಷೆ ವಿಧಿಸಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಮದ್ಯದ ಸಾಧ್ಯತೆಯನ್ನು ಅಲ್ಲಗಳೆಯಲಿಲ್ಲ, ಆದರೆ ಅಲ್ಲಿಗೇ ನಿಲ್ಲಲೂ ಇಲ್ಲ. ನಿದ್ದೆಗೆಟ್ಟು ದುಡಿದ ಸಿಬ್ಬಂದಿ, ಸಾಕಷ್ಟು ಜನರನ್ನು ನೇಮಿಸದ ಕಂಪೆನಿ, ಹಡಗುಗಳ ಮೇಲೆ ಸರಿಯಾಗಿ ಕಣ್ಣಿಡದ ಕೋಸ್ಟ್ ಗಾರ್ಡ್ ಎಲ್ಲರೂ ಅದರಲ್ಲಿ ಪಾಲುದಾರರು. ಒಬ್ಬನನ್ನು ಖಳನಾಯಕ ಮಾಡಿದರೆ ಉಳಿದವರಿಗೆ ಅನುಕೂಲವೇ ತಾನೇ! ಇನ್ನು ತೈಲ ತಡೆಯುವ ಸಲಕರಣೆ ಹೊರಬೇಕಾದ ದೋಣಿ ಅಂದು ದುರಸ್ತಿಗೆ ನಿಂತಿತ್ತು. ಮೊದಲ ಮೂರು ದಿನ ಕಡಲು ಶಾಂತವಾಗಿದ್ದರೂ ಆ ಸಮಯ ವ್ಯರ್ಥವಾಯಿತು. ಆಮೇಲೆ ಬಿರುಗಾಳಿ ಎದ್ದು, ಎಣ್ಣೆ ಕ್ರಮೇಣ ಸುಮಾರು 2,000 ಕಿಲೋಮೀಟರ್ ತೀರವನ್ನು ಮುಟ್ಟಿತು.

ಅಂದಾಜು ಎರಡೂವರೆ ಲಕ್ಷ ಕಡಲಹಕ್ಕಿಗಳು, 2,800 ಕಡಲ ನೀರುನಾಯಿಗಳು ಸತ್ತವು. ಬಂಡೆ ತೊಳೆಯಲೆಂದು ಹಾಯಿಸಿದ ಬಿಸಿನೀರು ಉಳಿದಿದ್ದ ಚಿಪ್ಪುಜೀವಿ, ಪಾಚಿಗಳನ್ನೂ ಬೇಯಿಸಿಬಿಟ್ಟಿತು.

ಎಲ್ಲಕ್ಕಿಂತ ದೀರ್ಘವಾದದ್ದು ಬೆಸ್ತರ ಸಂಕಟ. ನಮ್ಮ ಬೂತಾಯಿಯ ನೆಂಟನೆನ್ನಬಹುದಾದ ಹೆರಿಂಗ್ ಮೀನು ಕಾರ್ಡೋವಾ ಎಂಬ ಸಣ್ಣ ಊರಿನ ಅನ್ನವಾಗಿತ್ತು. 1993ರಲ್ಲಿ ಅದರ ಸಂತತಿ ಕುಸಿಯಿತು. ರೋಗ, ಆಹಾರದ ಕೊರತೆ, ಎಣ್ಣೆ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಮೀನಂತೂ ಮೊದಲಿನ ಹಾಗೆ ಮರಳಲಿಲ್ಲ. ಬೂತಾಯಿ ಬಾರದ ವರ್ಷ ಮಲ್ಪೆ, ಉಚ್ಚಿಲದ ಮನೆಗಳಲ್ಲಿ ಏನಾಗುತ್ತದೆಂದು ಮುಂಬಯಿಯ ಮೊಗವೀರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಸ್ತರೂ ಸ್ಥಳೀಯರೂ ಸೇರಿ 32,000ಕ್ಕೂ ಹೆಚ್ಚು ಮಂದಿಯ ಪರವಾಗಿ ದಾವೆ ನಡೆಯಿತು. 1994ರಲ್ಲಿ ಜ್ಯೂರಿ ಕಂಪೆನಿಗೆ 500 ಕೋಟಿ ಡಾಲರ್ ದಂಡನಾ ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲಿ ಅದು 250 ಕೋಟಿಗೆ ಇಳಿಯಿತು. 2008ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ತಂದು ನಿಲ್ಲಿಸಿತು. ಅಷ್ಟರೊಳಗೆ ಅರ್ಜಿದಾರರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ಒಳ್ಳೆಯದೇನೂ ಆಗಲಿಲ್ಲವೆಂದಲ್ಲ. 1990ರಲ್ಲಿ ಅಮೆರಿಕ ತೈಲ ಮಾಲಿನ್ಯ ಕಾಯ್ದೆ ತಂದು, ಟ್ಯಾಂಕರುಗಳಿಗೆ ಎರಡು ಪದರದ ಒಡಲು ಇರಬೇಕೆಂದು ವಿಧಿಸಿತು. ಎಕ್ಸಾನ್ ವಾಲ್ಡೀಜ್‌ಗೆ ಇದ್ದದ್ದು ಒಂದೇ ಪದರ.

ಕಡಲ ನೀರುನಾಯಿಗಳು ಸುಮಾರು ಕಾಲು ಶತಮಾನದ ಬಳಿಕ ಚೇತರಿಸಿಕೊಂಡವು. ಆ ಕಡಲಿನದೇ ಆದ ಓರ್ಕಾ ತಿಮಿಂಗಿಲಗಳ ಒಂದು ಗುಂಪು ದುರಂತದ ಬೆನ್ನಿಗೇ ಒಂಬತ್ತು ಸದಸ್ಯರನ್ನು ಕಳೆದುಕೊಂಡಿತು. ಅದರಲ್ಲಿ ಆ ಮೇಲೆ ಒಂದು ಮರಿಯೂ ಹುಟ್ಟಿಲ್ಲ. 2001ರಲ್ಲಿ ವಿಜ್ಞಾನಿಗಳು ಆ ತೀರಗಳಲ್ಲಿ ಗುಂಡಿ ತೋಡಿ ನೋಡಿದಾಗ, ಜಲ್ಲಿಕಲ್ಲಿನ ಅಡಿಯಲ್ಲಿ ಎಣ್ಣೆ ಇನ್ನೂ ಹಸಿಯಾಗಿಯೇ ಇತ್ತು.