ನೋಯದ ಕೆಂಪು

ಬೆಳಗ್ಗೆ ಒಂಬತ್ತೂವರೆಗೆಲ್ಲ ಶಿವಾಜಿನಗರ ಬಸ್ ನಿಲ್ದಾಣ ಗಿಜಿಗುಡುತ್ತದೆ. ರಸೆಲ್ ಮಾರ್ಕೆಟ್ಟಿನ ಹೂವು, ಮೀನು, ಬಿರಿಯಾನಿ ಮಸಾಲೆ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಉರ್ದು, ತಮಿಳು, ಕನ್ನಡಗಳ ಆ ಗದ್ದಲ ಹತ್ತಿರದ ಕಣ್ಣಿನ ಒಪಿಡಿಯ ಬೆಂಚಿನವರೆಗೂ ಹರಿದು ಬರುತ್ತದೆ. ಪೊರೆ ತೆಗೆಸಿಕೊಂಡು ಹಸಿರು ಬಟ್ಟೆ ಇಳಿಬಿಟ್ಟವರು, ಮದ್ರಾಸ್ ಐಗೆ ಕಪ್ಪು ಕನ್ನಡಕ ಹಾಕಿದ ಹುಡುಗರು, ಶುಗರ್ ಫೈಲು ಹಿಡಿದವರು. ಅವರ ನಡುವೆ ಕೆ.ಆರ್. ಪುರದಿಂದ ಮಗನ ಜೊತೆ ಬಂದ, ಅರವತ್ತು ದಾಟಿದ ಅಮ್ಮ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ.

"ಗದ್ದ ಇಲ್ಲಿಡಿ ಅಮ್ಮ, ಮೇಲೆ ನೋಡಿ."

ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ವೈದ್ಯೆ ಕೆಳರೆಪ್ಪೆ ಎಳೆಯುತ್ತಾರೆ. ಮಡಿಕೆಯೊಳಗೆ ನುಣ್ಣಗೆ, ನಸುಗೆಂಪಗೆ ಒಂದು ಪದರ. ಗೀಜಿಲ್ಲ, ನೀರಿಲ್ಲ.

"ನೋವಿದೆಯಾ?"

"ಇಲ್ಲ ಮೇಡಂ, ಉರೀನೂ ಇಲ್ಲ. ಡ್ರಾಪ್ಸ್ ಹಾಕ್ಕೊಂಡೆ, ಹೋಗ್ಲಿಲ್ಲ."

ಮದ್ರಾಸ್ ಐ ಉರಿದು, ಅಂಟಿ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಈ ನೋಯದ ಕೆಂಪು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ವೈದ್ಯರು ಸಾಲ್ಮನ್ ಪ್ಯಾಚ್ ಎನ್ನುವ ಈ ಕಲೆ ಲಿಂಫೋಮಾ ಎಂಬ ಕ್ಯಾನ್ಸರಿನ ಗುರುತಿರಬಹುದು. ಕೆಲವರಲ್ಲಿ ಕಲೆಯೇ ಇರುವುದಿಲ್ಲ. ಕಣ್ಣೀರಿನ ಗ್ರಂಥಿ ಊದಿ ಮೇಲ್ರೆಪ್ಪೆಯ ಹೊರಮೂಲೆ ಜೋಲುತ್ತದೆ, ಇಲ್ಲವೇ ಗುಡ್ಡೆಯೇ ಮುಂದೆ ಸರಿಯುತ್ತದೆ. ವೈದ್ಯೆ ಆಧಾರ್ ಕಾರ್ಡ್ ಕೇಳಿ, ಹಳೆಯ ಫೋಟೊವನ್ನು ಮುಖದ ಪಕ್ಕ ಹಿಡಿದು ನೋಡುತ್ತಾರೆ.

ಸ್ಕ್ಯಾನಿನಲ್ಲಿ ಗಡ್ಡೆ ಸಾಮಾನ್ಯವಾಗಿ ಮೂಳೆ ಕೊರೆಯದೆ, ಚಪಾತಿ ಹಿಟ್ಟಿನಂತೆ ಗುಡ್ಡೆಗೆ ಮೆತ್ತಿಕೊಂಡಿರುತ್ತದೆ. ಉರಿಯೂತವೂ ಇದೇ ವೇಷ ಹಾಕಬಲ್ಲದು. ಹಾಗಾಗಿ ತೀರ್ಪು ಬಯಾಪ್ಸಿಯದೇ. ಅದಕ್ಕೂ ಮುಂಚೆ ಸ್ಟೀರಾಯ್ಡ್ ನುಂಗಿದರೆ ಊತ ಇಳಿದು, ರೋಗದ ಕೋಶಗಳು ಬಯಾಪ್ಸಿಗೆ ತೆಗೆದ ಚೂರಿನಲ್ಲಿ ಸಿಗದೇ ಹೋಗಬಹುದು. ಆ ಚೂರಿನ ಒಂದು ಪಾಲು ಫಾರ್ಮಲಿನ್ನಿಗೆ, ಇನ್ನೊಂದು ಹಸಿಯಾಗಿಯೇ ಲ್ಯಾಬಿಗೆ ಹೋಗುತ್ತದೆ. ಸಿಡಿ20 ಪರೀಕ್ಷೆಯಲ್ಲಿ ಬಿ ಕೋಶಗಳ ಗುಂಪು ಎದ್ದು ಕಾಣುತ್ತದೆ. ಕಣ್ಣಿನ ಸುತ್ತ ಬರುವ ಲಿಂಫೋಮಾಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವ ಮಾಲ್ಟ್ ಬಗೆಯವು. ಆಮೇಲೆ ಪೆಟ್ ಸ್ಕ್ಯಾನ್. ದೇಹದಲ್ಲಿ ಬೇರೆಲ್ಲಾದರೂ ಇದೆಯೇ ಎಂಬ ಹುಡುಕಾಟ. ಅಮ್ಮನದೂ ಅದೇ ಎಂದು ತಿಳಿದು, ರಿಪೋರ್ಟುಗಳೊಂದಿಗೆ ಅವರು ಮತ್ತೆ ಬರುತ್ತಾರೆ.

"ಕಣ್ಣು ತೆಗೀತೀರಾ ಮೇಡಂ?"

"ಇಲ್ಲಮ್ಮ. ಬೇರೆ ಕಡೆ ಇಲ್ಲ ಅಂತ ರಿಪೋರ್ಟ್ ಬಂದಿದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದು ಕೊಡ್ತೀನಿ. ಸಾಮಾನ್ಯವಾಗಿ 12 ಸಲ, ಒಟ್ಟು 24 ಗ್ರೇ ರೇಡಿಯೇಷನ್, ಅಂದ್ರೆ ಕರೆಂಟ್, ಕೊಡ್ತಾರೆ."

"ಆಮೇಲೆ?" ಮಗ ಕೇಳುತ್ತಾನೆ.

"ಆಮೇಲೆ ವರ್ಷಗಟ್ಟಲೆ ಚೆಕಪ್. ಇದು ಎಷ್ಟೋ ವರ್ಷ ಬಿಟ್ಟು ಮರಳಿ ಬರೋದುಂಟು. ನೋವಿಲ್ಲ ಅಂತ ಬರೋದು ತಪ್ಪಿಸ್ಬೇಡಿ."