ಹೊಸ ತರಗತಿ, ಹೊಸ ಸಹಪಾಠಿಗಳು

ಬೇಸಿಗೆಯ ರಜೆ ಮುಗಿದು ಮಳೆಗಾಲದೊಂದಿಗೆ ಶಾಲೆಗಳು ಪುನಃ ತೆರೆದುಕೊಳ್ಳುವಾಗ ಹೆತ್ತವರ ಗಮನವೆಲ್ಲ ಪುಸ್ತಕ, ಸಮವಸ್ತ್ರ, ಕೊಡೆ, ಶುಲ್ಕಗಳತ್ತ ಹರಿಯುವುದು ಸಹಜ. ಆದರೆ ಮಗುವಿನ ಚಿಂತೆ ಬೇರೆ. ನನ್ನ ಪಕ್ಕದಲ್ಲಿ ಯಾರು ಕುಳಿತುಕೊಳ್ಳುವರು? ಬುತ್ತಿಯನ್ನು ಯಾರೊಡನೆ ಉಣ್ಣಲಿ? ಆಟಕ್ಕೆ ನನ್ನನ್ನು ಕರೆಯುವರೇ? ಒಂದನೆಯ ತರಗತಿಗೆ ಕಾಲಿಟ್ಟ ಮಗು, ತಂದೆಯ ವರ್ಗಾವಣೆಯಿಂದಾಗಿ ಅಪರಿಚಿತ ಊರಿಗೆ ಬಂದ ಮಗು, ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡಿ ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವ ಮಗು - ಇವರಿಗೆ ಈ ಪ್ರಶ್ನೆಗಳು ಲೆಕ್ಕದ ಪಾಠಕ್ಕಿಂತಲೂ ಕಠಿಣವಾದವು.

‘ಮಕ್ಕಳಲ್ಲವೇ, ತಾವಾಗಿಯೇ ಬೆರೆಯುತ್ತಾರೆ’ ಎಂಬ ಮಾತು ಅರ್ಧ ಸತ್ಯ. ಯಾರ ಸಮೀಪ ಇರುತ್ತೇವೆಯೋ ಅವರೊಡನೆಯೇ ಸ್ನೇಹ ಬೆಳೆಯುವುದು ಮನುಷ್ಯ ಸ್ವಭಾವ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ಅಭ್ಯರ್ಥಿಗಳಿಗೆ ಹೆಸರಿನ ಅಕ್ಷರಾನುಕ್ರಮದಲ್ಲಿ ಸ್ಥಳ ನೀಡಲಾಗಿತ್ತು. ಸಮಾಜಶಾಸ್ತ್ರಜ್ಞೆ ಮೇಡಿ ಸೀಗಲ್ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಹೆಚ್ಚಿನವರು ಗೆಳೆಯರೆಂದು ಹೆಸರಿಸಿದ್ದು ಅಕ್ಷರಮಾಲೆಯಲ್ಲಿ ತಮ್ಮ ಆಸುಪಾಸಿನಲ್ಲಿದ್ದವರನ್ನೇ. ದೊಡ್ಡವರ ಪಾಡೇ ಹೀಗಿರುವಾಗ ಮಕ್ಕಳದನ್ನು ಹೇಳಬೇಕೇ? ಜೂನ್ ತಿಂಗಳಲ್ಲಿ ಕುಳಿತ ಬೆಂಚಿನಲ್ಲಿಯೇ ಮಾರ್ಚ್‌ವರೆಗೆ ಕುಳಿತ ಮಗು ಕೆಲವರನ್ನಷ್ಟೇ ಅರಿಯುತ್ತದೆ. ಹದಿನೈದು ದಿನಗಳಿಗೊಮ್ಮೆ ಸ್ಥಳ ಬದಲಿಸುವುದು ಅಧ್ಯಾಪಕರು ಖರ್ಚಿಲ್ಲದೆ ಮಾಡಬಹುದಾದ ಮೊದಲ ಉಪಕಾರ.

ಮೊದಲ ವಾರದ ಪರಿಚಯ ಕಾರ್ಯಕ್ರಮವನ್ನೂ ಸ್ವಲ್ಪ ಬದಲಿಸಬಹುದು. ಎದ್ದು ನಿಂತು ತನ್ನ ಹೆಸರು ಹೇಳಬೇಕೆಂದರೆ ಸಂಕೋಚದ ಮಗುವಿನ ಗಂಟಲು ಕಟ್ಟುತ್ತದೆ. ಬದಲಾಗಿ ಇಬ್ಬಿಬ್ಬರನ್ನು ಜೊತೆಗೂಡಿಸಿ, ಐದು ನಿಮಿಷ ಮಾತನಾಡಲು ಬಿಟ್ಟು, ಪ್ರತಿಯೊಬ್ಬರೂ ತಮ್ಮ ಜೊತೆಗಾರರನ್ನು ತರಗತಿಗೆ ಪರಿಚಯಿಸುವಂತೆ ಮಾಡಿದರೆ ಗಮನ ತನ್ನಿಂದ ಇನ್ನೊಬ್ಬರೆಡೆಗೆ ಸರಿಯುತ್ತದೆ. ಕೇಳಬೇಕಾದುದು ತಂದೆಯ ಉದ್ಯೋಗವನ್ನಲ್ಲ, ಕಳೆದ ವರ್ಷದ ಅಂಕಗಳನ್ನೂ ಅಲ್ಲ. ಇಷ್ಟದ ಆಟ, ಇಷ್ಟದ ತಿಂಡಿ, ಮನೆಯಲ್ಲಿ ಸಾಕಿದ ನಾಯಿಯೋ ಬೆಕ್ಕೋ ಎಂಬಂಥವು. ಪ್ರತಿ ಹೆಸರನ್ನೂ ಸರಿಯಾಗಿ ಉಚ್ಚರಿಸಲು ಎಲ್ಲರೂ ಕಲಿಯಲಿ. ಹೆಸರನ್ನು ತಿರುಚಿದಲ್ಲಿಂದಲೇ ಅಪಹಾಸ್ಯ ಆರಂಭವಾಗುತ್ತದೆ.

ಆದರೆ ಹೆಸರು ತಿಳಿಯುವುದು ಹೊಸ್ತಿಲು ಮಾತ್ರ. ಒಬ್ಬರಿಗೊಬ್ಬರು ಬೇಕಾದಾಗಲೇ ಪರಿಚಯ ಸ್ನೇಹವಾಗಿ ಮಾಗುತ್ತದೆ. ಇದಕ್ಕೆ ಪ್ರಸಿದ್ಧ ನಿದರ್ಶನವೊಂದುಂಟು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕರಿಯ ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ಕೊಠಡಿಗೆ ಬಂದಾಗ ಜಗಳಗಳು ಭುಗಿಲೆದ್ದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಸಂಗಡಿಗರು ಮಕ್ಕಳಿಗೆ ಉಪದೇಶ ಮಾಡಲಿಲ್ಲ. ಪಾಠದ ಕ್ರಮವನ್ನೇ ಬದಲಿಸಿದರು. ಮಕ್ಕಳನ್ನು ಬೆರೆಸಿ ಸಣ್ಣ ಗುಂಪುಗಳನ್ನು ಮಾಡಿ, ಪಾಠವನ್ನು ತುಂಡುಗಳಾಗಿ ಹಂಚಿ, ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟರು. ಪೂರ್ಣ ಪಾಠ ಬೇಕಾದರೆ ಎಲ್ಲರ ಮಾತನ್ನೂ ಕೇಳಲೇಬೇಕು. ಇಂಗ್ಲಿಷ್ ತಡವರಿಸುವವನನ್ನು ಅಣಕಿಸಿದರೆ ನಷ್ಟ ಅಣಕಿಸಿದವರಿಗೇ. ಕ್ರಮೇಣ ಮಕ್ಕಳು ಅಂಥವನಿಗೆ ತಾಳ್ಮೆಯಿಂದ ಪ್ರಶ್ನೆ ಕೇಳಿ ಉತ್ತರ ಹೊರಡಿಸಲು ಕಲಿತರು.

ಈ ಕ್ರಮ ನಮ್ಮ ತರಗತಿಗಳಿಗೂ ಒಗ್ಗುತ್ತದೆ. ಕಾವೇರಿ ನದಿಯ ಪಾಠವನ್ನು ತೆಗೆದುಕೊಳ್ಳೋಣ. ಒಬ್ಬನಿಗೆ ತಲಕಾವೇರಿಯ ಉಗಮ, ಇನ್ನೊಬ್ಬಳಿಗೆ ಕನ್ನಂಬಾಡಿ ಕಟ್ಟೆ, ಮತ್ತೊಬ್ಬನಿಗೆ 1902ರಲ್ಲಿ ಶಿವನಸಮುದ್ರದಲ್ಲಿ ಆರಂಭವಾದ ವಿದ್ಯುತ್ ಉತ್ಪಾದನೆ, ನಾಲ್ಕನೆಯವಳಿಗೆ ನದಿಯು ಕಡಲು ಸೇರುವ ಬಗೆ. ನಾಲ್ವರು ಕೂಡಿದಾಗಲೇ ಕಾವೇರಿ ಪೂರ್ಣವಾಗಿ ಹರಿಯುತ್ತಾಳೆ. ಕೂಡಿ ಕಲಿಯುವುದು ನಮ್ಮ ನಾಡಿಗೆ ಹೊಸತೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ, ಗೆಳೆಯರ ನೆರವಿನಿಂದಲೇ ಕಲಿಯುವ ಗುಂಪುಗಳಿಗೂ ಸ್ಥಾನವಿದೆ.

ಶಾಲೆಯಲ್ಲಿ ಕಟ್ಟಿದ್ದನ್ನು ಮನೆ ಕೆಡವಬಾರದು. ಮಗು ಸಂಭ್ರಮದಿಂದ ಹೊಸ ಗೆಳೆಯನ ಹೆಸರು ಹೇಳಿದೊಡನೆ ‘ಅವರು ಯಾವ ಜನ?’, ‘ನಮ್ಮ ಧರ್ಮಕೇಂದ್ರದವರು ಯಾರೂ ಇಲ್ಲವೇ?’ ಎಂಬ ಪ್ರಶ್ನೆಗಳು ಅನೇಕ ಮನೆಗಳಲ್ಲಿ ಎದುರಾಗುತ್ತವೆ. ಕೇಳಿದವರಲ್ಲಿ ಕೆಟ್ಟ ಉದ್ದೇಶವಿರಲಿಕ್ಕಿಲ್ಲ. ಆದರೆ ತಾನು ಕಾಣದಿದ್ದ ಗೋಡೆಯೊಂದನ್ನು ಮಗು ಅಂದು ಕಾಣುತ್ತದೆ. ಭಾನುವಾರದ ಧರ್ಮೋಪದೇಶ ತರಗತಿಯ ಗೆಳೆಯರು ಶಾಲೆಯಲ್ಲಿಯೂ ಸಿಕ್ಕರೆ ಸಂತೋಷವೇ. ಅವರಷ್ಟೇ ಸಾಕೆಂಬ ಭಾವ ಬೇಡ. ‘ಅವನಿಗೆ ಯಾವ ಆಟ ಇಷ್ಟ? ಇಂದು ಒಂಟಿಯಾಗಿ ಕುಳಿತವರು ಯಾರಾದರೂ ಇದ್ದರೇ?’ ಎಂದು ಕೇಳಿ ನೋಡಿ. ಮರುದಿನ ಮಗು ಆ ಕಣ್ಣಿನಿಂದಲೇ ತರಗತಿಯನ್ನು ನೋಡುತ್ತದೆ.

ಎಲ್ಲ ಮಕ್ಕಳೂ ಗುಂಪುಪ್ರಿಯರಾಗಬೇಕೆಂದಿಲ್ಲ. ಒಬ್ಬ ನಚ್ಚಿನ ಗೆಳೆಯ ಸಿಕ್ಕರೆ ಸಾಕಾಗುವ ಮಕ್ಕಳುಂಟು. ಆದರೆ ವಾರಗಳು ಕಳೆದರೂ ಮಗು ಒಬ್ಬ ಸಹಪಾಠಿಯ ಹೆಸರನ್ನೂ ಎತ್ತದಿದ್ದರೆ, ಬುತ್ತಿ ಹಾಗೆಯೇ ಮರಳುತ್ತಿದ್ದರೆ, ಶಾಲೆಗೆ ಹೊರಡುವಾಗಲೆಲ್ಲ ಹೊಟ್ಟೆನೋವೆಂದರೆ, ಗದರದೆ ಅಧ್ಯಾಪಕರೊಡನೆ ಮಾತನಾಡುವುದು ಒಳಿತು. ಬಿಡುವಿನ ದಿನ ಒಬ್ಬ ಸಹಪಾಠಿಯನ್ನು ಮನೆಗೆ ಕರೆದು ಒಂದು ಲೋಟ ಪಾನಕ ಕೊಡುವುದೂ ದೊಡ್ಡ ಔಷಧವೇ. ಪುಸ್ತಕಗಳಿಗೆ ಹೊದಿಕೆ ಹಾಕಲು ಒಂದು ಸಂಜೆಯನ್ನು ಮೀಸಲಿಡುವ ನಾವು, ಮಗುವಿನ ಸ್ನೇಹಕ್ಕಾಗಿಯೂ ಒಂದು ಸಂಜೆಯನ್ನು ಮೀಸಲಿಡೋಣ.