ಕೊಲೆಸ್ಟರಾಲ್ ಇಳಿದರೂ ಉಳಿಯುವ ಅಪಾಯ: ಹೃದ್ರೋಗಿಗೆ ಗೌಟ್ ಮಾತ್ರೆ ಏಕೆ?

ಒಮ್ಮೆ ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು, ಸ್ಟ್ಯಾಟಿನ್ ಮಾತ್ರೆಯನ್ನು ತಪ್ಪದೆ ನುಂಗಿ, ಎಲ್‌ಡಿಎಲ್ ಕೊಲೆಸ್ಟರಾಲನ್ನು ಹದ್ದುಬಸ್ತಿಗೆ ತಂದುಕೊಂಡವರಿಗೂ ಎರಡನೇ ಆಘಾತ ಆಗುವುದುಂಟು. ಹೀಗೆ ಉಳಿಯುವ ಅಪಾಯಕ್ಕೆ ಒಂದು ಮುಖ್ಯ ಕಾರಣ ರಕ್ತನಾಳದ ಗೋಡೆಯೊಳಗಿನ ಉರಿಯೂತ. ಅದನ್ನು ತಗ್ಗಿಸಲು ಕೆಲವು ರೋಗಿಗಳಿಗೆ ಈಗ ಕಾಲ್ಚಿಸಿನ್ ಬರೆದುಕೊಡುತ್ತಾರೆ. ಗೌಟ್ ಎಂಬ ಕೀಲುನೋವಿಗೆ ಬಹಳ ಹಿಂದಿನಿಂದ ಬಳಸುತ್ತಿರುವ ಔಷಧಿ ಅದು.

ಗೋಡೆಯೊಳಗೆ ನಡೆಯುವುದೇನು?

ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುವುದು ದೇಹದ ರಕ್ಷಣೆಯ ಕೆಲಸ; ಕೆಲವು ದಿನಗಳಲ್ಲಿ ಮುಗಿಯುತ್ತದೆ. ಹೃದಯದ ನಾಳಗಳಲ್ಲಿ ಮಾತ್ರ ಅದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಬಹುದು. ಗೋಡೆಯೊಳಕ್ಕೆ ನುಸುಳಿದ ಎಲ್‌ಡಿಎಲ್ ಕಣಗಳನ್ನು ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ನುಂಗುತ್ತವೆ. ನುಂಗಿದ್ದು ಹೆಚ್ಚಾದರೆ ಕೊಲೆಸ್ಟರಾಲ್ ಹರಳುಗಟ್ಟುತ್ತದೆ. ಈ ಹರಳುಗಳು ಕೋಶದೊಳಗಿನ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಗುಚ್ಛವನ್ನು ಎಬ್ಬಿಸುತ್ತವೆ ಎಂದು 2010ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಗೌಟ್ ಬಂದಾಗ ಕೀಲಿನಲ್ಲಿ ಸೇರುವ ಯೂರಿಕ್ ಆಸಿಡ್ ಹರಳುಗಳು ಎಬ್ಬಿಸುವುದೂ ಇದನ್ನೇ. ಎರಡು ರೋಗಗಳ ನಂಟು ಇರುವುದು ಇಲ್ಲಿ.

ಇನ್‌ಫ್ಲಮಸೋಮ್ ಎದ್ದರೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶ ಪ್ರೋಟೀನ್ ಹೊರಬೀಳುತ್ತದೆ. ಅದು ಇಂಟರ್‌ಲ್ಯೂಕಿನ್-6ನ್ನು ಹೆಚ್ಚಿಸುತ್ತದೆ. ಆ ಸೂಚನೆ ಸಿಕ್ಕ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಲ್ಯಾಬ್ ವರದಿಯಲ್ಲಿ ಕಾಣುವ ‘ಎಚ್‌ಎಸ್-ಸಿಆರ್‌ಪಿ’ ಈ ಸರಪಳಿಯ ಕೊನೆಯ ಕೊಂಡಿ. ಉರಿಯೂತ ಮುಂದುವರಿದಂತೆ ನಾಳದೊಳಗಿನ ಕೊಬ್ಬಿನ ದಿಬ್ಬದ ಪೊರೆ ತೆಳುವಾಗಿ ಒಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಹೃದಯಾಘಾತ.

ಉರಿಯೂತವೇ ಕಾರಣ ಎಂದು ಗೊತ್ತಾದದ್ದು ಹೇಗೆ?

ರೋಗದ ಜೊತೆಗಿರುವುದು ಬೇರೆ, ರೋಗಕ್ಕೆ ಕಾರಣವಾಗುವುದು ಬೇರೆ. ಎರಡನ್ನೂ ಬಿಡಿಸಿ ನೋಡಲು, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿ ಬೇಕಿತ್ತು. ಬಾಸ್ಟನ್ನಿನ ಪಾಲ್ ರಿಡ್ಕರ್ ಮುಂದಾಳುತನದ ‘ಕ್ಯಾಂಟೋಸ್’ ಪ್ರಯೋಗಕ್ಕೆ ಅಂಥದ್ದೊಂದು ಸಿಕ್ಕಿತು: ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಚುಚ್ಚುಮದ್ದು. ಹಿಂದೆ ಹೃದಯಾಘಾತವಾಗಿದ್ದು, ಸಿಆರ್‌ಪಿ ಲೀಟರಿಗೆ 2 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚಿದ್ದ 10,061 ಮಂದಿ ಭಾಗವಹಿಸಿದರು. 2017ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೊಮ್ಮೆ 150 ಮಿ.ಗ್ರಾಂ. ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾರೆ ಶೇ 15ರಷ್ಟು ಕಡಿಮೆಯಾಗಿದ್ದವು. ಎಲ್‌ಡಿಎಲ್ ಇದ್ದಲ್ಲೇ ಇತ್ತು. ಆದರೆ ಪ್ರಾಣ ತೆಗೆಯುವ ಸೋಂಕುಗಳು ತುಸು ಹೆಚ್ಚಿದವು, ಔಷಧಿಯೂ ವಿಪರೀತ ದುಬಾರಿ. ಹೃದ್ರೋಗಕ್ಕೆ ಬಳಸಲು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗಲಿಲ್ಲ.

ಹಾಗಂತ ಉರಿಯೂತ ತಗ್ಗಿಸುವ ಯಾವ ಮದ್ದಾದರೂ ನಡೆದೀತೆಂದಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನು ಸಣ್ಣ ಡೋಸಿನಲ್ಲಿ ಹೃದ್ರೋಗಿಗಳಿಗೆ ಕೊಟ್ಟು ನೋಡಿದಾಗ ಸಿಆರ್‌ಪಿಯೂ ಇಳಿಯಲಿಲ್ಲ, ಆಘಾತಗಳೂ ಕಡಿಮೆಯಾಗಲಿಲ್ಲ. ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ಊತವನ್ನು ಇಳಿಸುತ್ತದೆ, ಹೃದಯಾಘಾತದ ಅಪಾಯವನ್ನು ಮಾತ್ರ ಏರಿಸುತ್ತದೆ. ಸರಪಳಿಯ ಯಾವ ಕೊಂಡಿಯನ್ನು ಹಿಡಿಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾಲ್ಚಿಸಿನ್ ಮಾಡುವ ಕೆಲಸ

ಯುರೋಪಿನ ಕಾಲ್ಚಿಕಮ್ ಗಿಡದಿಂದ 1820ರಲ್ಲಿ ಇದನ್ನು ಬೇರ್ಪಡಿಸಿದರು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು-ಹಳದಿಯಾಗಿ ಅರಳುವ ಗೌರಿ ಹೂವಿನ ಬಳ್ಳಿಯಲ್ಲೂ, ಅಂದರೆ ಅಗ್ನಿಶಿಖೆಯಲ್ಲೂ, ಇದೇ ರಾಸಾಯನಿಕವಿದೆ; ತಮಿಳುನಾಡಿನಲ್ಲಿ ಬೀಜಕ್ಕಾಗಿ ಅದನ್ನು ಬೆಳೆಯುತ್ತಾರೆ.

ಜೀವಕೋಶದೊಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದಾದ ಸೂಕ್ಷ್ಮ ಕೊಳವೆಗಳಿವೆ. ಚಪ್ಪರದವರು ಗಳುಗಳನ್ನು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಕಟ್ಟುವಂತೆ ಕೋಶ ಇವನ್ನು ಬಿಚ್ಚಿ ಕಟ್ಟುತ್ತಲೇ ಆಕಾರ ಬದಲಿಸುತ್ತದೆ, ಚಲಿಸುತ್ತದೆ. ಕಾಲ್ಚಿಸಿನ್ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಹೊಸದಾಗಿ ಕಟ್ಟುವುದನ್ನು ತಡೆಯುತ್ತದೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಅದನ್ನು ಹೊರದಬ್ಬುವುದರಲ್ಲಿ ಹಿಂದೆ. ಹಾಗಾಗಿ ಅವುಗಳಲ್ಲಿ ಅದು ಶೇಖರವಾಗಿ, ಸಣ್ಣ ಡೋಸಿಗೂ ಅವುಗಳ ಓಡಾಟ ಕುಗ್ಗುತ್ತದೆ. ಇನ್‌ಫ್ಲಮಸೋಮ್ ಜೋಡಣೆಗೂ ಅಡ್ಡಿಯಾಗುತ್ತದೆ.

ಪ್ರಯೋಗಗಳ ಲೆಕ್ಕ

2019ರ ‘ಕಾಲ್ಕಾಟ್’ ಪ್ರಯೋಗದಲ್ಲಿ, ಹೃದಯಾಘಾತವಾಗಿ 30 ದಿನಗಳೊಳಗಿನ 4,745 ಮಂದಿಯ ಪೈಕಿ ದಿನಕ್ಕೆ 0.5 ಮಿ.ಗ್ರಾಂ. ಪಡೆದವರಲ್ಲಿ ಹೃದಯ ಸಂಬಂಧಿ ಅವಘಡಗಳು ಶೇ 5.5, ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ಶೇ 7.1. ಮರುವರ್ಷ ಆಸ್ಟ್ರೇಲಿಯ-ನೆದರ್ಲೆಂಡ್ಸ್‌ನ ‘ಲೊಡೊಕೊ-2’ರಲ್ಲಿ, ಸ್ಥಿರ ಹೃದ್ರೋಗವಿದ್ದ 5,522 ಮಂದಿಯಲ್ಲಿ ಈ ಪ್ರಮಾಣಗಳು ಕ್ರಮವಾಗಿ ಶೇ 6.8 ಮತ್ತು ಶೇ 9.6. ಅಂದರೆ ಎರಡೂವರೆ ವರ್ಷಗಳ ಆಸುಪಾಸಿನಲ್ಲಿ, ನೂರು ಮಂದಿಗೆ ಕೊಟ್ಟರೆ ಸುಮಾರು ಮೂವರಿಗೆ ಅವಘಡ ತಪ್ಪಿತು. 2023ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಬಳಕೆಗೆ ಒಪ್ಪಿಗೆ ನೀಡಿತು.

2024ರಲ್ಲಿ ‘ಕ್ಲಿಯರ್ ಸಿನರ್ಜಿ’ಯ ಫಲಿತಾಂಶ ಈ ಉತ್ಸಾಹಕ್ಕೆ ಕಡಿವಾಣ ಹಾಕಿತು. ಹೃದಯಾಘಾತವಾದ ಕೂಡಲೇ ಮಾತ್ರೆ ಆರಂಭಿಸಿದ ಆ 7,062 ಮಂದಿಯ ಪ್ರಯೋಗದಲ್ಲಿ ಅವಘಡಗಳು ಶೇ 9.1 ಮತ್ತು ಶೇ 9.3: ವ್ಯತ್ಯಾಸವೇ ಇಲ್ಲ. ಸಿಆರ್‌ಪಿ ಇಳಿದಿತ್ತು, ಅವಘಡಗಳು ಇಳಿಯಲಿಲ್ಲ. ಹಾಗಾಗಿ ಇದು ಎಲ್ಲ ಹೃದ್ರೋಗಿಗಳ ಮಾತ್ರೆಯಲ್ಲ. ಸ್ಥಿರ ರೋಗವಿದ್ದವರಿಗೆ ಪರಿಗಣಿಸಬಹುದೆಂದು ಯುರೋಪಿನ ಹೃದ್ರೋಗ ಸಂಘದ 2024ರ ಮಾರ್ಗಸೂಚಿ ಹೇಳುತ್ತದೆ. ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರು ಒಬ್ಬೊಬ್ಬ ರೋಗಿಯನ್ನು ನೋಡಿ ತೀರ್ಮಾನಿಸಬೇಕು.

ಮಾತ್ರೆಗೆ ಮುನ್ನ

ಸಿಆರ್‌ಪಿ ಪರೀಕ್ಷೆಯನ್ನು ಜ್ವರ, ಶೀತ, ಹಲ್ಲಿನ ಸೋಂಕು ಇರುವಾಗ ಮಾಡಿಸಿದರೆ ಸುಳ್ಳು ಚಿತ್ರ ಸಿಗುತ್ತದೆ. 10ಕ್ಕಿಂತ ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುವುದು ಒಳ್ಳೆಯದು.

ಕಾಲ್ಚಿಸಿನ್‌ನಲ್ಲಿ ಮದ್ದಿಗೂ ವಿಷಕ್ಕೂ ಅಂತರ ಕಿರಿದು. ಮೂತ್ರಪಿಂಡ ಅಥವಾ ಯಕೃತ್ತು ತೀವ್ರವಾಗಿ ಕೆಟ್ಟಿದ್ದರೆ ಅದು ದೇಹದಲ್ಲೇ ಉಳಿದು ಪ್ರಾಣಕ್ಕೆ ಕುತ್ತು ತರಬಹುದು. ಕ್ಲಾರಿಥ್ರೊಮೈಸಿನ್ ಆಂಟಿಬಯೋಟಿಕ್, ಚರ್ಮದ ಫಂಗಸ್‌ಗೆ ಬರೆಯುವ ಇಟ್ರಾಕೊನಜೋಲ್, ಬಿ.ಪಿ.ಗೆ ಕೊಡುವ ಡಿಲ್ಟಿಯಾಜೆಮ್, ವೆರಾಪಮಿಲ್ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಹೊಟ್ಟೆ ಕೆಟ್ಟು ಭೇದಿಯಾಗುವುದು ಸಾಮಾನ್ಯ ತೊಂದರೆ. ಸ್ಟ್ಯಾಟಿನ್ ಜೊತೆ ತೆಗೆದುಕೊಳ್ಳುವಾಗ ಸ್ನಾಯುಗಳಲ್ಲಿ ನೋವು, ನಿಶ್ಶಕ್ತಿ ಕಂಡರೆ ತಡಮಾಡದೆ ತಿಳಿಸಬೇಕು. ಗೌರಿ ಹೂವಿನ ಗಡ್ಡೆಯನ್ನು ಮನೆಮದ್ದೆಂದು ತಿನ್ನುವುದಂತೂ ಕೂಡದು, ತಿಂದವರು ಸತ್ತದ್ದಿದೆ.

ಸ್ಟ್ಯಾಟಿನ್ ಸಿಆರ್‌ಪಿಯನ್ನೂ ಇಳಿಸುತ್ತದೆ. ಕಾಲ್ಚಿಸಿನ್ ಬಂತೆಂದು ಅದನ್ನು ಬಿಡುವಂತಿಲ್ಲ. ಬೀಡಿ-ಸಿಗರೇಟು ಬಿಡುವುದು, ಹೊಟ್ಟೆಯ ಬೊಜ್ಜು ಕರಗಿಸುವುದು ಕೂಡ ಉರಿಯೂತವನ್ನು ತಗ್ಗಿಸುತ್ತವೆ. ಮುಂದಿನ ಬಾರಿ ಹೃದ್ರೋಗ ತಜ್ಞರಲ್ಲಿಗೆ ಹೋಗುವಾಗ ಮೂತ್ರಪಿಂಡದ ಸ್ಥಿತಿ ತೋರಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನೂ, ಬೇರೆ ವೈದ್ಯರು ಬರೆದವೂ ಸೇರಿದಂತೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಈ ಮಾತ್ರೆ ನಿಮಗೆ ಹೊಂದುತ್ತದೆಯೇ ಎಂದು ಅವರು ತೂಗಿ ನೋಡುವುದು ಇವೆರಡನ್ನು ಇಟ್ಟುಕೊಂಡೇ.